ಶನಿವಾರದ ತೋಟ: ಊರಿನ ಮಕ್ಕಳೇ ತರಕಾರಿ ಬೆಳೆಸುವುದು ಹೇಗೆ?

ಊರಿನ ಮಕ್ಕಳನ್ನು ಸೇರಿಸಿ ಒಂದು ತರಕಾರಿ ತೋಟ ಮಾಡಬೇಕು ಅಂತ ನಿಮಗೆ ಅನಿಸಿದ್ದರೆ, ದಯವಿಟ್ಟು ಮೊದಲು ಬೀಜ ತರಬೇಡಿ. ಹಾರೆ, ಪಿಕ್ಕಾಸು ಕೂಡ ಈಗಲೇ ಬೇಡ. ಮೊದಲು ಒಬ್ಬ ಅಜ್ಜಿಯನ್ನೋ ಅಜ್ಜನನ್ನೋ ಹುಡುಕಿ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮ್ಮ ಊರಿನ ವಾಚನಾಲಯದ ಹಿಂದೆ ನಾಲ್ಕು ಸೆಂಟ್ಸ್ (ಒಂದು ಸೆಂಟ್ಸ್ ಅಂದರೆ ಎಕರೆಯ ನೂರರಲ್ಲಿ ಒಂದು ಪಾಲು) ಜಾಗದಲ್ಲಿ ಇಂಥ ಒಂದು ತೋಟ ಇದೆ. ಐದನೇ ಕ್ಲಾಸಿನ ಮಕ್ಕಳಿಂದ ಹಿಡಿದು ಕಾಲೇಜಿಗೆ ಹೋಗುವವರ ತನಕ ಹದಿನಾಲ್ಕು ಜನ ಪ್ರತಿ ಶನಿವಾರ ಬರುತ್ತಾರೆ. ಸಂಬಳ ಇಲ್ಲ, ಮಾರ್ಕು ಇಲ್ಲ. ಆದರೂ ಬರುತ್ತಾರೆ. ಆರು ಮಳೆಗಾಲಗಳಲ್ಲಿ ಕಲಿತದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಕುಂಬಳೆ, ಪೆರ್ಲ, ಮುಳ್ಳೇರಿಯ, ಗಡಿಯ ಆಚೆಗಿನ ವಿಟ್ಲ, ಪುತ್ತೂರು, ಎಲ್ಲ ಕಡೆಯೂ ಮಣ್ಣು ಮತ್ತು ಮಳೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಜನ, ಆಮೇಲೆ ಜಾಗ

ಅಜ್ಜಿ ಯಾಕೆ ಬೇಕು? ನಮ್ಮ ತೋಟದ ಅಜ್ಜಿಗೆ ಎಪ್ಪತ್ತು ದಾಟಿದೆ. ಅವರು ಮಣ್ಣು ಅಗೆಯುವುದಿಲ್ಲ. ಹಲಸಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿ ಕೂರುತ್ತಾರೆ, ಅಷ್ಟೇ. ಮೊದಲ ವರ್ಷ ಇಬ್ಬರು ಹುಡುಗರು ಬೆಳಿಗ್ಗೆ ಹತ್ತು ಗಂಟೆಗೆ ಹೀರೆ ಬಳ್ಳಿಯ ಹತ್ತಿರ ನಿಂತು, ಹೂವು ಯಾಕೆ ಅರಳುತ್ತಿಲ್ಲ ಅಂತ ಚಿಂತೆ ಮಾಡುತ್ತಿದ್ದರು. ಅಜ್ಜಿ ಕೂತಲ್ಲಿಂದಲೇ ಹೇಳಿದರು: “ಹೀರೆ ಹೂವು ನೋಡ್ಬೇಕಾದ್ರೆ ಸಂಜೆ ಬಾ ಮಗಾ. ಹಾಗಲದ್ದು ನೋಡ್ಬೇಕಾದ್ರೆ ಬೆಳಿಗ್ಗೆ ಬಾ.” ಆ ದಿನ ಸಂಜೆ ಇಬ್ಬರೂ ಪುನಃ ಬಂದರು. ಕರೆದವರು ಯಾರೂ ಇರಲಿಲ್ಲ.

ನಿಮ್ಮ ಊರಿನಲ್ಲಿಯೂ ಇಂಥವರು ಇದ್ದೇ ಇರುತ್ತಾರೆ. ಮನೆಗೆ ಹೋಗಿ, ಕೂತು, “ನೀವು ಬರಬೇಕು” ಅಂತ ಕೇಳಿ. ಕೆಲಸ ಮಾಡಬೇಕಾಗಿಲ್ಲ, ಬಂದು ನೋಡಿದರೆ ಸಾಕು ಅಂತ ಹೇಳಿ. ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಅಕ್ಕಂದಿರನ್ನು ಸೇರಿಸಿಕೊಳ್ಳಿ. ಅವರ ಜೊತೆ ಅವರದೇ ಮಕ್ಕಳ ಕೂಟವಾದ ಬಾಲಸಭೆಯ ಮಕ್ಕಳೂ ಬರುತ್ತಾರೆ. ಶಾಲೆಯ ಎನ್ನೆಸ್ಸೆಸ್ ಮಕ್ಕಳು, ಊರಿನ ಕ್ಲಬ್ಬಿನ ಹುಡುಗರು, ಯಾರನ್ನೂ ಬಿಡಬೇಡಿ.

ಹದಿನೆಂಟು ತುಂಬದ ಮಕ್ಕಳಿದ್ದರೆ ಎರಡು ನಿಯಮ ಕಡ್ಡಾಯ. ಒಂದು, ತಂದೆ ಅಥವಾ ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ. ಇನ್ನೊಂದು, ತೋಟದಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು. ಒಬ್ಬರೇ ಇದ್ದರೆ ಆ ದಿನ ಕೆಲಸ ಇಲ್ಲ. ನಾವು ಇದನ್ನು ಒಮ್ಮೆಯೂ ಮುರಿದಿಲ್ಲ.

ಜಾಗ ಸಿಗುವುದು ಅಷ್ಟು ಕಷ್ಟ ಅಲ್ಲ. ವಾಚನಾಲಯ, ಅಂಗನವಾಡಿ, ಭಜನಾ ಮಂದಿರ, ಮಸೀದಿಗಳ ಹಿಂದೆ ಸ್ವಲ್ಪ ಜಾಗ ಇರುತ್ತದೆ. ಯಜಮಾನರು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ಹಿತ್ತಿಲು ಸುಮ್ನೆ ಬಿದ್ದಿರುವ ಮನೆಗಳೂ ಇವೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು, ಹತ್ತಿರ ನೀರು ಇರಬೇಕು, ಮಳೆಗಾಲದಲ್ಲಿ ನೀರು ನಿಲ್ಲಬಾರದು. ಮಾತು ಎಷ್ಟೇ ಚೆನ್ನಾಗಿ ಆಗಿರಲಿ, ಇಷ್ಟು ವರ್ಷಕ್ಕೆ ಕೊಟ್ಟಿದ್ದೇವೆ ಅಂತ ಒಂದು ಪತ್ರ ಬರೆಸಿಕೊಳ್ಳಿ. ನಮ್ಮ ಮೊದಲ ಜಾಗ ಬಾಯಿಮಾತಿನದು. ಅಲಸಂಡೆ ಕಾಯಿ ಬಿಡುವ ಹೊತ್ತಿಗೆ ಅಲ್ಲಿಗೆ ಜೆಸಿಬಿ ಬಂತು. ಜಾಗ ಅವರದು, ತಪ್ಪು ಅವರದಲ್ಲ. ಆದರೆ ಆ ದಿನ ಮಕ್ಕಳ ಮುಖ ನೋಡಲು ಆಗಲಿಲ್ಲ.

ಶುರು ಮಾಡುವಾಗ ಸಣ್ಣದಾಗಿರಲಿ. ಹತ್ತು ಮಕ್ಕಳಿಗೆ ಎರಡು ಸೆಂಟ್ಸ್ ಧಾರಾಳ.

ಮಣ್ಣಿನ ಕೆಲಸ

ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿದು ಸಾರವೆಲ್ಲ ತೊಳೆದು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಆದ್ದರಿಂದ ಸುಣ್ಣ ಬೇಕು. ಒಂದು ಸೆಂಟ್ಸ್ ಜಾಗಕ್ಕೆ 2ರಿಂದ 3 ಕಿಲೋ ಸುಣ್ಣದ ಹುಡಿ ಹಾಕಿ ಮಣ್ಣಿಗೆ ಬೆರೆಸಿ. ಎರಡು ವಾರ ಬಿಟ್ಟು ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರ ಹಾರಿ ಹೋಗುತ್ತದೆ. ಸುಣ್ಣ ಹರಡುವ ಕೆಲಸ ದೊಡ್ಡವರೇ ಮಾಡಲಿ, ಹುಡಿ ಮಕ್ಕಳ ಕಣ್ಣಿನೊಳಗೆ ಹೋಗಬಾರದು.

ಸಾಧ್ಯವಿದ್ದರೆ ಸುಣ್ಣಕ್ಕೂ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಮಕ್ಕಳ ಕೈಯಲ್ಲೇ ಮಾಡಿಸಿ. ತೋಟದ ಏಳೆಂಟು ಕಡೆ ಒಂದು ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪಂಚಾಯತಿನ ಕೃಷಿಭವನಕ್ಕೆ ಕೊಡಬೇಕು. ಕೊಡಲು ಮಕ್ಕಳನ್ನೇ ಕಳಿಸಿ. ಒಂದು ಸರಕಾರಿ ಕಚೇರಿಗೆ ಹೋಗಿ, ಹೆಸರು ಹೇಳಿ, ತಮಗೆ ಬೇಕಾದದ್ದನ್ನು ಕೇಳುವುದು ಹದಿನಾಲ್ಕು ವರ್ಷದವರಿಗೆ ದೊಡ್ಡ ಪಾಠ.

ಗೊಬ್ಬರಕ್ಕೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಆಗಬೇಕು. ಹಸಿ ಸೆಗಣಿ, ಹಸಿ ಕೋಳಿಗೊಬ್ಬರ ಹಾಕಿದರೆ ಎಳೆ ಗಿಡ ಸುಟ್ಟು ಹೋಗುತ್ತದೆ. ತರಗೆಲೆ ಗುಡಿಸಿ ರಾಶಿ ಹಾಕಲು ಹೇಳಿ, ಒಂದು ವರ್ಷದಲ್ಲಿ ಅದೇ ಗೊಬ್ಬರವಾಗುತ್ತದೆ. ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ನಮ್ಮ ಕೂಡ್ಲುವಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯವರೇ ರೂಪಿಸಿದ್ದಾರೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಕೇಂದ್ರ ಅದು. ಅವರ ಕೃಷಿ ವಿಜ್ಞಾನ ಕೇಂದ್ರಕ್ಕೆ ಮೊದಲೇ ತಿಳಿಸಿ ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ. ತರಗೆಲೆ, ಕಸಕಡ್ಡಿಯ ಜೊತೆ ಮಣ್ಣನ್ನು ಸುಟ್ಟು ಸುಡುಮಣ್ಣು ಮಾಡುವ ಹಳೆಯ ಪದ್ಧತಿಯೂ ಮಳೆಗಾಲದ ತರಕಾರಿಗೆ ಒಳ್ಳೆಯದೇ, ಆದರೆ ಬೆಂಕಿಯ ಕೆಲಸ ಪೂರ್ತಿ ದೊಡ್ಡವರದು.

ಮಳೆಗಾಲಕ್ಕೆ ಏರುಮಡಿ ಮಾಡಿ, ಒಂದು ಅಡಿ ಎತ್ತರ ಇರಲಿ. ಅಗಲ ಮೂರು ಅಡಿ ದಾಟಬಾರದು. ಯಾಕೆಂದರೆ ಐದನೇ ಕ್ಲಾಸಿನ ಮಗು ಮಡಿ ತುಳಿಯದೆ ನಡುವಿನ ಗಿಡ ಮುಟ್ಟುವಂತಿರಬೇಕು. ಬೇಸಿಗೆಗೆ ಇದಕ್ಕೆ ವಿರುದ್ಧ, ಗುಂಡಿ ತೋಡಿ ತಗ್ಗಿನಲ್ಲಿ ಬಿತ್ತಬೇಕು.

ಅವರ ಮಡಿ ಅವರದು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ.

ಎರಡನೇ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ತನ್ನ ಮಡಿಯನ್ನು ತಾನೇ ಮಾಡಿದ್ದಳು. ವಕ್ರವಾಗಿತ್ತು. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಎಲ್ಲರೂ ಮನೆಗೆ ಹೋದ ಮೇಲೆ ನಾನು ಹಾರೆ ಹಿಡಿದು ಅದನ್ನು ನೇರ ಮಾಡಿದೆ. ಉಪಕಾರ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಮುಂದಿನ ಶನಿವಾರ ಅವಳು ಬಂದು ಮಡಿ ನೋಡಿದಳು. ಏನೂ ಹೇಳಲಿಲ್ಲ. ವಾಚನಾಲಯದ ಮೆಟ್ಟಿಲಿನಲ್ಲಿ ಹೋಗಿ ಕೂತಳು. ಆಮೇಲೆ ಎರಡು ವಾರ ಬರಲೇ ಇಲ್ಲ. ನಾನು ಮನೆಗೆ ಹೋಗಿ ಕೇಳಿದಾಗ, “ನೀವೇ ಮಾಡ್ತೀರಲ್ಲಾ ಮಾವ, ಮತ್ತೆ ನಾನು ಯಾಕೆ?” ಅಂದಳು.

ಅವಳು ಹೇಳಿದ್ದು ಸರಿ. ಮಕ್ಕಳು ಆಚೆ ಬಂದು ಕಲಿಯಬೇಕು ಅಂತ ನಾವು ಕರೆಯುತ್ತೇವೆ, ಕರೆದ ಮೇಲೆ ಕೆಲಸ ನಾವೇ ಕಸಿದುಕೊಳ್ಳುತ್ತೇವೆ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾರು ಮಡಿ ಮಾಡಿದರೋ ಅವರು ಮಾತ್ರ ಅದನ್ನು ಮುಟ್ಟಬೇಕು. ದೊಡ್ಡವರು ಕೇಳಿದರೆ ಮಾತ್ರ ಹೇಳಬೇಕು. ತಗ್ಗಿನಲ್ಲಿ ನೀರು ನಿಂತು ನಾಲ್ಕು ಬೆಂಡೆ ಗಿಡ ಕೊಳೆತರೆ, ಕೊಳೆಯಲಿ. ಬೀಜ ಇನ್ನೂ ಇದೆ, ಮಳೆಗಾಲವೂ ಮುಗಿದಿಲ್ಲ. ಪ್ರಾಣಕ್ಕೆ, ಆರೋಗ್ಯಕ್ಕೆ ಅಪಾಯ ಇರುವಲ್ಲಿ ಮಾತ್ರ ಮಧ್ಯೆ ಬನ್ನಿ.

ಒಬ್ಬೊಬ್ಬರಿಗೆ ಅಥವಾ ಇಬ್ಬಿಬ್ಬರಿಗೆ ಒಂದು ಮಡಿ ಕೊಡಿ. ಹೆಸರು ಬರೆದು ಹಲಗೆ ನೆಡಲಿ. ಚಪ್ಪರ, ಬೇಲಿ, ಗೊಬ್ಬರದ ಗುಂಡಿ ಎಲ್ಲರಿಗೂ ಸೇರಿದ್ದು. ನೀರು, ಬೀಜ, ಲೆಕ್ಕದ ಪುಸ್ತಕಗಳ ಜವಾಬ್ದಾರಿಯನ್ನು ತಿಂಗಳಿಗೊಮ್ಮೆ ಬದಲಾಯಿಸಿ. ಏನು ಬೆಳೆಸಬೇಕು ಅನ್ನುವುದನ್ನೂ ಅವರೇ ಕೂತು ತೀರ್ಮಾನಿಸಲಿ. ಅಜ್ಜಿಯ ಅಭಿಪ್ರಾಯ ಅವರೇ ಕೇಳುತ್ತಾರೆ, ನೋಡಿ.

ಬೀಜ ಮತ್ತು ಕಾಲ

ಈಗ ಬೀಜ ತನ್ನಿ.

ನಮ್ಮ ಕಡೆ ಮಳೆಗಾಲದ ತರಕಾರಿಗೆ ತುಳುನಾಡಿನ ಆಚರಣೆಯ ದಿನವಾದ ಪತ್ತನಾಜೆ ಒಳ್ಳೆಯ ಗುರುತು. ಮೇ 24ರ ಸುಮಾರಿಗೆ ಬರುತ್ತದೆ. ಭೂತಕೋಲ, ಯಕ್ಷಗಾನದ ತಿರುಗಾಟ ನಿಲ್ಲುತ್ತದೆ, ಮೊದಲ ಮಳೆ ಬಿದ್ದಿರುತ್ತದೆ, ಶಾಲೆಗೆ ಇನ್ನೂ ರಜೆ. ಮಕ್ಕಳ ಕೈಗೆ ಬೇಕಾದಷ್ಟು ಸಮಯ. ಬೆಂಡೆ, ಅಲಸಂಡೆ, ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ ಆಗ ಬಿತ್ತಿ. ಅಷ್ಟಮಿ, ಚೌತಿ, ಓಣಂ ಹೊತ್ತಿಗೆ ಕಾಯಿ ಸಿಗುತ್ತದೆ. ಓಣಂ ತರಕಾರಿಗೆಂದು ಕೃಷಿಭವನದಲ್ಲಿ ಬೀಜದ ಪೊಟ್ಟಣ ಕೊಡುವುದು ವಾಡಿಕೆ, ವಿಚಾರಿಸಿ.

ಹೊಸಬರಿಗೆ ಮೊದಲ ಬೆಳೆ ಹರಿವೆ ಆಗಲಿ, ಮಳೆಯ ಜೋರು ಇಳಿದ ಮೇಲೆ. ಬಿತ್ತಿದ 25-30 ದಿನಕ್ಕೆ ಕೊಯ್ಯಬಹುದು. ಮಕ್ಕಳಿಗೆ ಮೂರು ತಿಂಗಳು ಕಾಯುವುದು ಅಂದರೆ ಬಹಳ ಜಾಸ್ತಿ. ಒಂದು ತಿಂಗಳಲ್ಲಿ ಕೈಗೆ ಸೊಪ್ಪು ಬಂದರೆ ಉಳಿದ ಬಳ್ಳಿಗಳನ್ನು ಕಾಯುವ ತಾಳ್ಮೆ ಬರುತ್ತದೆ. ಬಸಳೆ, ತೊಂಡೆಗಳಿಗೆ ಬೀಜ ಬೇಡ, ಯಾರದಾದರೂ ಮನೆಯಿಂದ ಬಳ್ಳಿಯ ತುಂಡು ತಂದು ನೆಟ್ಟರಾಯಿತು. ಹಾಗೆ ತರಲು ಹೋದ ಮಕ್ಕಳು ಆ ಮನೆಯವರನ್ನೂ ತೋಟಕ್ಕೆ ಎಳೆದು ತರುತ್ತಾರೆ.

ಬಿತ್ತುವ ಮೊದಲು 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಷ್ಟು ಮೊಳೆತವು? 16 ಮೊಳೆತರೆ ನೂರಕ್ಕೆ 80. ಗಣಿತದ ಪುಸ್ತಕದಲ್ಲಿ ಶೇಕಡಾ ಲೆಕ್ಕಕ್ಕೆ ಹೆದರುವ ಹುಡುಗ ಇಲ್ಲಿ ಹೆದರುವುದಿಲ್ಲ, ಬೀಜ ಅವನದಲ್ವಾ.

ನೋಡುವುದು, ಬರೆಯುವುದು

ನನ್ನ ಪ್ರಕಾರ ತೋಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಮಾನು ಒಂದು ಇನ್ನೂರು ಪುಟದ ನೋಟ್ ಪುಸ್ತಕ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವಾಚನಾಲಯದ ಒಳಗೆ ಇಡಿ. ತಾರೀಕು, ಯಾರು ಬಂದರು, ಏನು ಮಾಡಿದರು, ಎಷ್ಟು ಮಳೆ, ಏನು ಹೊಸತು ಕಂಡಿತು, ಇಷ್ಟು ಬರೆದರೆ ಸಾಕು.

ಮಳೆ ಅಳೆಯುವುದು ಸುಲಭ. ಬುಡದಿಂದ ಬಾಯಿಯ ತನಕ ಒಂದೇ ಅಗಲ ಇರುವ ಒಂದು ಡಬ್ಬಿಯನ್ನು ಬಯಲಿನಲ್ಲಿ ಇಡಿ. ಬೆಳಿಗ್ಗೆ ಸ್ಕೇಲ್ ಇಟ್ಟು ನೀರಿನ ಎತ್ತರ ನೋಡಿ. ಅದೇ ಮಳೆಯ ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಂದರೆ 1 ಲೀಟರ್ ನೀರು. ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. ಜುಲೈಯಲ್ಲಿ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದಾಗ ಏಳನೇ ಕ್ಲಾಸಿನವನೊಬ್ಬ ಗುಣಿಸಿ ನೋಡಿದ. ನಾಲ್ಕು ಸೆಂಟ್ಸ್ ಮೇಲೆ 16,000 ಲೀಟರ್! ಅವನು ಮೂರು ಸಲ ಗುಣಿಸಿದ. ಮಾರ್ಚಿನಲ್ಲಿ ಅದೇ ಜಾಗಕ್ಕೆ ಕೊಡದಲ್ಲಿ ನೀರು ಹೊರುವಾಗ ಆ ಪುಟವನ್ನು ಅವನೇ ತೆಗೆದು ಎಲ್ಲರಿಗೂ ತೋರಿಸಿದ.

ಅಲಸಂಡೆ ಹೂ ಬಿಡುವಾಗ ಒಂದು ಗಿಡವನ್ನು ಬೇರು ಸಮೇತ ಮೆಲ್ಲಗೆ ಅಗೆದು ತೆಗೆಯಿರಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಅಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಾ ಇವೆ ಅಂತ ಅರ್ಥ. ಅಲಸಂಡೆ ಆದ ಮಡಿಯಲ್ಲಿ ಮುಂದಿನ ಸಲ ಬದನೆ ಯಾಕೆ ನೆಡುತ್ತೇವೆ ಅಂತ ಆಮೇಲೆ ಬಿಡಿಸಿ ಹೇಳಬೇಕಾಗಿಲ್ಲ.

ಚೀನಿಕಾಯಿ (ಸಿಹಿಗುಂಬಳ) ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಜೇನ್ನೊಣ ಬರದ ಮಳೆಯ ದಿನಗಳಲ್ಲಿ, ಬೆಳಿಗ್ಗೆ ಬೇಗ, ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಮುಟ್ಟಿಸಿ, ತೊಟ್ಟಿಗೆ ದಾರ ಕಟ್ಟಿ ಗುರುತು ಮಾಡಲಿ. ಕಾಯಿ ನಿಂತಿತೋ ಉದುರಿತೋ ಅಂತ ಪುಸ್ತಕದಲ್ಲಿ ಬರೆಯಲಿ. ಪಡುವಲದ ಬಿಳಿ ಹೂವಿಗೆ ಮಾತ್ರ ಮುಸ್ಸಂಜೆಗೆ ಬರಬೇಕು. ಬಲೆಯ ನೂಲಿನ ಹಾಗಿರುವ ಅದರ ಎಸಳು ಬಿಚ್ಚುವುದನ್ನು ಒಮ್ಮೆ ನೋಡಿದ ಮಗು ಮರೆಯುವುದಿಲ್ಲ. ಜೊತೆಗೆ ಮನೆಯವರೊಬ್ಬರು ಇರಲಿ.

ಪುಸ್ತಕದ ಹಿಂಬದಿಯಲ್ಲಿ ನಾವು ಹೆಸರಿನ ಪಟ್ಟಿ ಮಾಡಿದ್ದೇವೆ. ಕನ್ನಡದಲ್ಲಿ ಹರಿವೆ, ತುಳುವಿನಲ್ಲಿ ಪದ್ಪೆ, ಮಲಯಾಳದಲ್ಲಿ ಚೀರ. ಹೀರೆ ತುಳುವಿನಲ್ಲಿ ಪೀರೆ. ಹಾಗಲ ತುಳುವಿನಲ್ಲಿ ಕಂಚಲ್, ಮಲಯಾಳದಲ್ಲಿ ಪಾವಯ್ಕ. ಬ್ಯಾರಿ, ಮರಾಠಿ, ಕೊಂಕಣಿ ಮನೆಮಾತಿನ ಮಕ್ಕಳು ತಮ್ಮ ತಮ್ಮ ಸಾಲು ಸೇರಿಸುತ್ತಾರೆ. ಕನ್ನಡ ಮೀಡಿಯಂ ಮತ್ತು ಮಲಯಾಳ ಮೀಡಿಯಂ ಮಕ್ಕಳು ಒಂದೇ ಊರಿನಲ್ಲಿದ್ದೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಈ ಪಟ್ಟಿ ಮಾಡುವಾಗ ಕೂರುತ್ತಾರೆ. ನನಗೆ ತೋಟದಲ್ಲಿ ತುಂಬ ಇಷ್ಟದ ಹೊತ್ತು ಅದು.

ಹುಳ ಬಂದಾಗ

ನಮ್ಮ ತೋಟಕ್ಕೆ ವಿಷ ಹೊಡೆಯುವುದಿಲ್ಲ. ಕಾರಣವನ್ನು ಮಕ್ಕಳಿಗೆ ನೇರವಾಗಿ ಹೇಳಬೇಕು. ಈ ಜಿಲ್ಲೆಯ ಗೇರು ತೋಟಗಳ ಮೇಲೆ ಇಪ್ಪತ್ತಕ್ಕಿಂತ ಜಾಸ್ತಿ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. 2000ದಲ್ಲಿ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಎಂಬ ಊರಿನ ಹೆಸರು ಹೊರಗಿನವರಿಗೆ ಗೊತ್ತಾದದ್ದು ಅದರಿಂದಲೇ. ಇಂದಿನ ಮಕ್ಕಳು ಹುಟ್ಟುವ ಮೊದಲಿನ ಮಾತು ಇದು, ಆದರೆ ಅದರ ನೋವು ಹೊತ್ತವರು ಅವರ ನೆರೆಮನೆಯಲ್ಲೇ ಇದ್ದಾರೆ.

ಹುಳ ಕಂಡ ಕೂಡಲೇ ಏನಾದರೂ ಹೊಡೆಯಬೇಕಾಗಿಲ್ಲ. ಅಲಸಂಡೆಗೆ ಕಪ್ಪು ಹೇನು ಮುತ್ತಿದರೆ ಎರಡು ದಿನ ನೋಡಿ. ಗುಲಗಂಜಿ ಹುಳ ಬಂದು ತಿನ್ನುತ್ತದೆ. ಆಗಲಿಲ್ಲ ಅಂದರೆ ಬೆಳಿಗ್ಗೆ ಇಬ್ಬನಿ ಇರುವಾಗ ಬೂದಿ ಉದುರಿಸಿ. ಅದಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಾರ್ ಸೋಪು. ಸೋಪನ್ನು ಬಿಸಿನೀರಿನಲ್ಲಿ ಕರಗಿಸಿ, ಎಣ್ಣೆ ಸೇರಿಸಿ ಚೆನ್ನಾಗಿ ಕಲಕಿ, ಅರೆದು ಸೋಸಿದ ಬೆಳ್ಳುಳ್ಳಿ ರಸ ಬೆರೆಸಿ. ಸಂಜೆ, ಎಲೆಯ ಅಡಿಗೆ ತಾಗುವ ಹಾಗೆ ಸಿಂಪಡಿಸಿ. ಹಾಗಲಕ್ಕೆ ನೊಣ ಕಾಟ ಕೊಟ್ಟರೆ ಎಳೆ ಕಾಯಿಗೆ ಕಾಗದ ಸುತ್ತಿ. ಹುಳ ಬಿದ್ದ ಕಾಯಿಯನ್ನು ಗೊಬ್ಬರದ ರಾಶಿಗೆ ಹಾಕದೆ ಆಳದಲ್ಲಿ ಹೂಳಿ.

ಮಂಗ, ನವಿಲು, ಕಾಡುಹಂದಿಗೆ ಪೂರ್ತಿ ಪರಿಹಾರ ಇಲ್ಲ. ಹಳೆಯ ಮೀನಿನ ಬಲೆ ಕಟ್ಟಿ, ಸುತ್ತ ಹಳೆ ಸೀರೆ ಹಾಕಿದರೆ ಸ್ವಲ್ಪ ಉಳಿಯುತ್ತದೆ.

ಜಾಗ್ರತೆ

ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿ. ಮಡಲಿನ ರಾಶಿ, ಕಲ್ಲಿನ ಸಂದಿಗೆ ಕೈ ಹಾಕಬಾರದು. ಮೊದಲು ಕೋಲಿನಿಂದ ತಟ್ಟಬೇಕು. ಹಾವು ಕಂಡರೆ ಹಿಂದೆ ಸರಿದು ದೊಡ್ಡವರನ್ನು ಕರೆಯಬೇಕು. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಅಲುಗಾಡಿಸದೆ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ. ಹಾವಿನ ವಿಷಕ್ಕೆ ಮದ್ದು ಯಾವ ಆಸ್ಪತ್ರೆಯಲ್ಲಿ ಇರುತ್ತದೆ ಅಂತ ಮುಂಚೆಯೇ ವಿಚಾರಿಸಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಮಳೆಗಾಲದಲ್ಲಿ ಕಾಲಿಗೆ ಗಾಯ ಇದ್ದವರು ಕೆಸರಿಗೆ ಇಳಿಯಬಾರದು, ಇಲಿಜ್ವರದ ಭಯ ಇದೆ. ಬೂಟ್ಸ್ ಇದ್ದರೆ ಒಳ್ಳೆಯದು. ಆಫ್ರಿಕನ್ ಬಸವನಹುಳವನ್ನು ಬರಿಗೈಯಲ್ಲಿ ಮುಟ್ಟಬಾರದು. ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ, ಕೆಲಸ ಬೆಳಿಗ್ಗೆಯೇ ಮುಗಿಯಲಿ. ಪ್ರತಿ ಶನಿವಾರ ಹೊರಡುವ ಮುಂಚೆ ಗೆರಟೆ (ತೆಂಗಿನ ಚಿಪ್ಪು), ಅಡಿಕೆ ಹಾಳೆ, ಬಕೆಟ್ ಎಲ್ಲ ಮಗುಚಿ ಹಾಕಿ. ಸೊಳ್ಳೆ ಮೊಟ್ಟೆಯಿಂದ ಹೊರಗೆ ಹಾರಲು ಒಂದು ವಾರ, ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಡೆಂಗ್ಯೂ ಸೊಳ್ಳೆ ನಿಮ್ಮ ತೋಟದಲ್ಲಿ ಹುಟ್ಟುವುದಿಲ್ಲ.

ಬೇಸಿಗೆ, ನೀರು, ಪರೀಕ್ಷೆ

ಬೇಸಿಗೆಯ ಬೆಳೆಗೆ ನಾವು ಒಂದು ಗುರಿ ಇಟ್ಟುಕೊಂಡಿದ್ದೇವೆ. ಏಪ್ರಿಲ್ ನಡುವಿನ ಬಿಸು ಹಬ್ಬದ ಬೆಳಿಗ್ಗೆ ಮೊದಲು ನೋಡಲು ಜೋಡಿಸಿಡುವ ಕಣಿಗೆ ಊರಿನ ಮನೆಗಳಿಗೆ ಹಳದಿ ಸೌತೆ ಕೊಡುವುದು. ಜನವರಿ ಎರಡನೇ ವಾರ ಬಿತ್ತಿದರೆ ಸರಿಯಾಗುತ್ತದೆ. ಫೆಬ್ರವರಿಯಲ್ಲಿ ಕೆಡ್ಡಸದ ಮೂರು ದಿನ ಭೂಮಿಗೆ ಹಾರೆ ತಾಗಿಸುವುದಿಲ್ಲ. ತುಳುನಾಡಿನ ನಂಬಿಕೆಯಲ್ಲಿ ಅದು ಭೂಮಿತಾಯಿಗೆ ವಿಶ್ರಾಂತಿ. ಯಾಕೆ ಅಂತ ಅಜ್ಜಿಯೇ ಹೇಳುತ್ತಾರೆ, ಹುಡುಗರೂ ಹುಡುಗಿಯರೂ ಒಟ್ಟಿಗೆ ಕೂತು ಕೇಳುತ್ತಾರೆ.

ಕಷ್ಟ ಏನೆಂದರೆ, ನೀರು ಜಾಸ್ತಿ ಬೇಕಾಗುವ ಹೊತ್ತಿಗೇ ಎಸ್ಸೆಸ್ಸೆಲ್ಸಿ, ಪ್ಲಸ್ ಟು ಪರೀಕ್ಷೆ. ಆ ಮಕ್ಕಳನ್ನು ಫೆಬ್ರವರಿಯಿಂದಲೇ ಬಿಟ್ಟುಬಿಡಿ. ಬೇಸರ ಇಲ್ಲದೆ ಬಿಡಿ. ಅವರ ಮಡಿಯನ್ನು ಯಾರು ನೋಡಿಕೊಳ್ಳಬೇಕು ಅಂತ ಅವರೇ ಹೇಳಿ ಹೋಗಲಿ. ಬುಡಕ್ಕೆ ತರಗೆಲೆ ದಪ್ಪಗೆ ಹೊದೆಸಿದರೆ ನೀರು ಸಾಕಷ್ಟು ಉಳಿಯುತ್ತದೆ.

ಹತ್ತಿರದಲ್ಲಿ ಸುರಂಗ ಇದ್ದರೆ ತೋರಿಸಿ. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಕೆರೆಗೆ ಇಳಿಸುವ ನಮ್ಮವರ ಬುದ್ಧಿ ಅದು. ಬಾಯಿಯ ಹತ್ತಿರ ನಿಂತು ನೋಡಿದರೆ ಸಾಕು, ಒಳಗೆ ಹೋಗುವುದು ಬೇಡ. ಕೆಲವು ಕಡೆ ಗಾಳಿ ಕಡಿಮೆ ಇರುತ್ತದೆ.

ಕೊಯ್ಲು ಮತ್ತು ಮುಂದಿನ ಬೀಜ

ಮೊದಲ ಕೊಯ್ಲು ಮಕ್ಕಳ ಮನೆಗೆ ಹೋಗಲಿ. ತಾನು ಬೆಳೆಸಿದ ಅಲಸಂಡೆಯ ಪಲ್ಯವನ್ನು ಅಪ್ಪ, ಅಮ್ಮ ಉಣ್ಣುವುದನ್ನು ಅವರು ನೋಡಬೇಕು. ಆಮೇಲಿನದು ಅಂಗನವಾಡಿಗೆ, ಶಾಲೆಯ ಊಟಕ್ಕೆ, ಅಜ್ಜಿಯ ಮನೆಗೆ. ಉಳಿದರೆ ಬಸ್‌ಸ್ಟಾಂಡಿನ ಹತ್ತಿರ ಮಾರಿ. ಬಂದ ಹಣದ ಲೆಕ್ಕ ಅದೇ ಪುಸ್ತಕದಲ್ಲಿ.

ಪ್ರತಿ ಮಡಿಯಲ್ಲಿ ಒಳ್ಳೆಯ ಒಂದು ಗಿಡವನ್ನು ಬೀಜಕ್ಕೆ ಬಿಡಿಸಿ. ನಮ್ಮ ಜಿಲ್ಲೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕಿಂತ ಜಾಸ್ತಿ ಭತ್ತದ ತಳಿಗಳನ್ನು ಉಳಿಸಿದವರು, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಮಕ್ಕಳು ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಬೀಜದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದಾರೆ. ಬೆಂಡೆ, ಅಲಸಂಡೆ ಬೀಜವನ್ನು ಒಣಗಿಸಿ ಬೂದಿ ಬೆರೆಸಿ ಇಡಬೇಕು. ಸೌತೆಯನ್ನು ಪೂರ್ತಿ ಹಣ್ಣಾದ ಮೇಲೆ ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ನೇತು ಹಾಕಬೇಕು.

ಈ ವರ್ಷದ ಬೀಜದ ಸೌತೆಗಳು ವಾಚನಾಲಯದ ಜಂತಿಯಲ್ಲಿ ಇವೆ. ಒಂದೊಂದಕ್ಕೂ ಚೀಟಿ ಕಟ್ಟಿದೆ: ಬೆಳೆಸಿದವರ ಹೆಸರು, ಮಡಿಯ ನಂಬರ್, ಕೊಯ್ದ ತಾರೀಕು. ಅಂದು ಮೆಟ್ಟಿಲಿನಲ್ಲಿ ಕೂತಿದ್ದ ಹುಡುಗಿ ಈಗ ಕಾಲೇಜಿಗೆ ಮಂಗಳೂರಿಗೆ ಹೋಗುತ್ತಾಳೆ. ಶನಿವಾರ ಬರಲು ಆಗುವುದಿಲ್ಲ ಅಂತ ಭಾನುವಾರ ಬಂದು, ತನ್ನ ಮಡಿಯನ್ನು ಐದನೇ ಕ್ಲಾಸಿನ ಇಬ್ಬರಿಗೆ ಬಿಟ್ಟುಕೊಟ್ಟಿದ್ದಾಳೆ. ಮಡಿ ಈಗಲೂ ವಕ್ರವೇ. ಅವರು ಯಾರಿಗೂ ಮುಟ್ಟಲು ಬಿಡುತ್ತಿಲ್ಲ.